ಪುಟ್ಟಿಯ ಪಾತಿ

ಮನೆಯವರು ಏಳುವ ಮೊದಲೇ ದೊಡ್ಡವಳು ಹಿತ್ತಲಿಗೆ ಬಂದು, ತನ್ನದೇ ಪಾತಿಯ ಟೊಮೆಟೊ ಸಸಿಗಳ ಬುಡಕ್ಕೆ ಒಂದು ಚೊಂಬು ಕುದಿಯುವ ನೀರು ಸುರಿದಳು. ಎಲೆಗಳು ಅಲುಗಲೂ ಇಲ್ಲ. ಬಿಸಿಲೇರಿದಾಗ ಬಾಡಿ ಮಲಗುತ್ತವೆಂದು ಅವಳಿಗೆ ಗೊತ್ತಿತ್ತು. ಬೆಂಡೆಯ ಸಸಿಗಳು ಹಾಗೆಯೇ ಹೋಗಿದ್ದವು.

ಪಕ್ಕದ್ದು ತಂಗಿ ಪುಟ್ಟಿಯ ಪಾತಿ. ಅದರ ಮಣ್ಣನ್ನು ಬೆರಳಿನಿಂದ ಸಡಿಲಿಸಿದಳು. ಕಳೆ ಕಿತ್ತಳು. ಎಲೆಯಡಿ ಅಡಗಿದ್ದ ಹುಳುಗಳನ್ನು ಹುಡುಕಿ ಹೊಸಕಿ ಹಾಕಿದಳು. ಅಲ್ಲಿ ಹುರುಳಿಕಾಯಿ ಬಳ್ಳಿ ಕೋಲು ಹತ್ತಿ ಹೂ ಬಿಟ್ಟಿತ್ತು.

ಅಪ್ಪ ಅಮ್ಮ ಇಲ್ಲದ ಇಬ್ಬರನ್ನೂ ಸೋದರತ್ತೆ ತನ್ನ ಮನೆಗೆ ಕರೆತಂದಿದ್ದಳು. ಚಳಿ ಕಳೆದು ಮರಗಳು ಚಿಗುರಿದಾಗ ಇಬ್ಬರಿಗೂ ಒಂದೊಂದು ಪಾತಿ, ಒಂದೊಂದು ಹಿಡಿ ಬೀಜ ಕೊಟ್ಟು, "ಯಾರ ಕೈಗುಣ ಹೇಗಿದೆ, ನೋಡೇ ಬಿಡೋಣ," ಎಂದು ನಕ್ಕಿದ್ದಳು. ಅಂದೇ ಹೊಲಿಗೆ ಯಂತ್ರ ತುಳಿಯುತ್ತ ಅವಳು ಮಾವನಿಗೆ ಹೇಳಿದ್ದು, ಬಾಗಿಲ ಹಿಂದಿದ್ದ ದೊಡ್ಡವಳ ಕಿವಿಗೆ ಬಿತ್ತು.

"ಇಬ್ರನ್ನೂ ಸಾಕೋಕೆ ನನ್ ಕೈಲಾಗಲ್ಲ ರೀ. ಒಬ್ಬಳನ್ನ ಕಳಿಸ್ಲೇಬೇಕು. ಪಾತಿ ನೋಡ್ಕೊಂಡು ತೀರ್ಮಾನ ಮಾಡ್ತೀನಿ. ಹೋದೋಳು ವಾಪಸ್ ಬರೋ ಹಾಗಿರ್ಬಾರ್ದು, ಅಷ್ಟೆ."

ಪುಟ್ಟಿಗೆ ಏಳು ವರ್ಷ. ತಣ್ಣೀರು ಮುಟ್ಟಿದರೆ ಕೆಮ್ಮು. ಅಕ್ಕನ ಜಡೆ ಹಿಡಿದುಕೊಳ್ಳದೆ ನಿದ್ದೆ ಬಾರದು. ಇಂಥವಳು ಬೇರೆಯವರ ಮನೆಯಲ್ಲಿ ಉಳಿದಾಳೇ? ತಾನಾದರೆ ಗಟ್ಟಿ ಜೀವ, ಎಲ್ಲಿ ಬಿಸಾಕಿದರೂ ಬದುಕಿಕೊಂಡೇನು, ಎಂದುಕೊಂಡಳು ದೊಡ್ಡವಳು. ಸಸಿಗಳು ಮೊಳೆತು ಮೇಲೆದ್ದ ದಿನದಿಂದಲೇ ಕದ್ದು ನೀರು ಕಾಯಿಸತೊಡಗಿದಳು.

"ಅಕ್ಕಾ, ನಿಂದ್ಯಾಕೆ ಒಣಗ್ತಾ ಇದೆ?" ಪುಟ್ಟಿ ಕೇಳಿದಳು.

"ನನ್ ಕೈ ಸರಿ ಇಲ್ಲ ಕಣೇ. ನಿಂದು ನೋಡು, ಹೆಂಗೆ ನಗ್ತಾ ಇದೆ! ಯಾರ್ ಕೇಳಿದ್ರೂ ಎಲ್ಲಾ ನಾನೊಬ್ಳೇ ಮಾಡಿದ್ದು ಅನ್ನು."

"ಹುಳ ತೆಗೆದಿದ್ದು ನೀನಲ್ವಾ?"

"ಬಾಯಿ ಮುಚ್ಚು. ನಾನೊಬ್ಳೇ, ಅನ್ನು."

"ನಾನೊಬ್ಳೇ," ಎಂದು ಪುಟ್ಟಿ ಗಿಣಿಯಂತೆ ಒಪ್ಪಿಸಿದಳು.

ಸಂಜೆಯಾದರೆ ಅತ್ತೆ ಹಿತ್ತಲಿಗೆ ಬರುವಳು. "ಭಲೇ ನನ್ ಬಂಗಾರ!" ಎಂದು ಪುಟ್ಟಿಯ ಕೆನ್ನೆ ಹಿಂಡುವಳು. ದೊಡ್ಡವಳತ್ತ ತಿರುಗಿ, "ನಿನ್ನ ಕಟ್ಕೊಂಡು ಸಾಯ್ಬೇಕಲ್ಲೇ ನಾನು, ದಂಡಪಿಂಡ!" ಎಂದು ಸಿಡುಕುವಳು. ಬೈಗುಳ ಬಿದ್ದಷ್ಟೂ ದೊಡ್ಡವಳಿಗೆ ಸಮಾಧಾನ.

ಕಾಯಿ ಕೀಳುವ ಹೊತ್ತಿಗೆ ಒಬ್ಬ ದಪ್ಪ ಹೆಂಗಸು ಬಂದಳು. ಕಾಫಿ ಕುಡಿದು ನೇರ ಹಿತ್ತಲಿಗೆ ನಡೆದಳು. ದೊಡ್ಡವಳು ತನ್ನ ಬಟ್ಟೆಗಳನ್ನು ಆಗಲೇ ಗಂಟು ಕಟ್ಟಿಟ್ಟಿದ್ದಳು. ತಂಗಿಯ ಮುಂದೆ ಅಳಬಾರದೆಂದು ತುಟಿ ಕಚ್ಚಿ ನಿಂತಳು.

ಹೆಂಗಸು ಒಣಗಿದ ಪಾತಿಯನ್ನು ಕಾಲಿನಿಂದ ಕೆದಕಿದಳು. ಹಸಿರು ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಾಯಿ ಮುರಿದು ನೋಡಿದಳು. "ಇದೆಲ್ಲ ನೀನೇ ಮಾಡಿದ್ದೇನೇ, ಮರಿ?"

"ಹೂಂ. ನಾನೊಬ್ಳೇ."

ದೊಡ್ಡವಳು ಕಣ್ಣು ಮುಚ್ಚಿದಳು. ತಂಗಿ ಉಳಿದಳು.

"ಚಿಕ್ಕೋಳಾದ್ರೂ ಪರ್ವಾಗಿಲ್ಲ," ಎನ್ನುತ್ತ ಹೆಂಗಸು ಪುಟ್ಟಿಯ ಮಣಿಕಟ್ಟು ಹಿಡಿದು ಎದ್ದಳು. "ನನ್ ತೋಟದ ಕೆಲ್ಸಕ್ಕೆ ಇವಳೇ ಆಗ್ಬೇಕು. ಗಿಡ ಸಾಯ್ಸೋಳನ್ನ ತಗೊಂಡು ನಾನೇನ್ ಮಾಡ್ಲಿ?"

"ಅದು ನಾನು ಬೆಳೆಸಿದ್ದು! ಸತ್ಯವಾಗ್ಲೂ ನಾನೇ!" ದೊಡ್ಡವಳು ಚೀರುತ್ತ ಅತ್ತೆಯ ಸೆರಗು ಜಗ್ಗಿದಳು.

ಅತ್ತೆ ಮೊದಲ ಸಲ ಅವಳ ತಲೆ ನೇವರಿಸಿದಳು. "ತಂಗಿ ಮೇಲೆ ಹೊಟ್ಟೆಕಿಚ್ಚು ಪಡ್ತಾರೇನೇ, ಹುಚ್ಚಿ? ಸುಮ್ನಿರು. ನೀನು ಇಲ್ಲೇ ಇರ್ತೀಯ."