ಐದನೆಯ ಓಟು

“ಲಾಳಿ ಮುಟ್ಟಿ ಆಣಿ ಮಾಡು,” ಎಂದಳು ಪೆಂಟಮ್ಮ.

ಹನುಮಮ್ಮ ಕೈ ಚಾಚಲಿಲ್ಲ. ಆಯುಷ್ಯವೆಲ್ಲ ಮಗ್ಗದ ಮುಂದೆಯೇ ಸವೆಸಿದವಳು, ಒಂದು ಓಟಿಗಾಗಿ ಲಾಳಿ ಮುಟ್ಟಿ ಆಣೆ ಮಾಡುವುದೇ?

ನಾರಾಯಣಪೇಟೆಯ ಆ ನೇಕಾರರ ಸಂಘದ ಸಮಿತಿಯಲ್ಲಿ ಐವರು ಹೆಂಗಸರು, ನಾಲ್ವರು ಗಂಡಸರು. ಅಧ್ಯಕ್ಷರನ್ನು ಆರಿಸಲು ಬೆಳಿಗ್ಗೆ ಗುಟ್ಟಿನ ಓಟು ನಡೆದಿತ್ತು. ಒಂದು ಕಡೆ ನವನೀತಾ, ಇನ್ನೊಂದು ಕಡೆ ಬಾಲರಾಜ. ಹೆಂಗಸರೆಲ್ಲ ನವನೀತಾಗೇ ಎಂದು ಮೊದಲೇ ಮಾತಾಗಿತ್ತು. ಎಣಿಸಿದರೆ ಬಾಲರಾಜನಿಗೆ ಐದು, ನವನೀತಾಗೆ ನಾಲ್ಕು. ಹೆಂಗಸರಲ್ಲೇ ಒಬ್ಬಳು ಕೈಕೊಟ್ಟಿದ್ದಳು.

ಬಾಲರಾಜ ಕೆಟ್ಟವನೇನಲ್ಲ. ತನ್ನ ಕೆಲಸವನ್ನು ಬೇರೆಯವರಿಂದ ಮಾಡಿಸುವ ಸುಖಜೀವಿ, ಅಷ್ಟೆ. ಸಂಘದ ನೊಗ ಇಷ್ಟು ಕಾಲ ಎಳೆದವಳು ನವನೀತಾ. “ಹೈದರಾಬಾದಿನ ಸೇಟುಗಳ ಮುಂದ ಹೆಣ್ಮಗಳು ಏನ್ ಮಾತಾಡ್ತಾಳ?” ಎಂದು ಗಂಡಸರು ನಕ್ಕಾಗ, “ದರ ಹೇಳಾಕ ಮೀಸಿ ಬೇಕೇನ್ರಿ?” ಎಂದು ಬಾಯಿ ಮುಚ್ಚಿಸಿದವಳೂ ಅವಳೇ. ಹನುಮಮ್ಮನಿಗೆ ಅವಳೆಂದರೆ ಪ್ರಾಣ. ಅವಳ ಹೆಸರಿನ ಮುಂದೆ ಚೀಟಿ ಹರಿಯುವಷ್ಟು ಒತ್ತಿ ಗುರುತು ಹಾಕಿ ಬಂದಿದ್ದಳು.

ಈಗ ಪೆಂಟಮ್ಮನ ಅಂಗಳದಲ್ಲಿ ವಿಚಾರಣೆ. ಪ್ರಶಾಂತಿ ಲಾಳಿ ಮುಟ್ಟಿದಳು. ಸ್ರವಂತಿ ಮುಟ್ಟಿದಳು. ಪೆಂಟಮ್ಮ ಎಲ್ಲರಿಗಿಂತ ಮೊದಲೇ ಮುಟ್ಟಿ ಕಣ್ಣಿಗೂ ಒತ್ತಿಕೊಂಡಿದ್ದಳು.

“ಹೋಗ್ಲಿ ಬಿಡ್ರಿ. ಆದದ್ದು ಆತು,” ಎಂದಳು ನವನೀತಾ.

ಸೋತವಳೇ ಹೀಗೆ ಹೇಳುವುದನ್ನು ಕೇಳಿ ಹನುಮಮ್ಮನ ಅಭಿಮಾನ ಇನ್ನೂ ಹೆಚ್ಚಿತು. ಎಂಥ ದೊಡ್ಡ ಮನಸ್ಸು!

“ಹೆಂಗ್ ಬಿಡೋದು ಅಕ್ಕಾ? ನಿನ್ನ ಬೆನ್ನಿಗೆ ಚೂರಿ ಹಾಕ್ಯಾರ,” ಎಂದ ಪೆಂಟಮ್ಮ ಹನುಮಮ್ಮನ ಕಡೆ ತಿರುಗಿದಳು. “ಕುಂಬಳಕಾಯಿ ಕಳ್ಳಿ ಅಂದ್ರ ನೀ ಯಾಕ ಹೆಗಲು ಮುಟ್ಕೊಂತಿ?”

ಹೆಗಲಿರಲಿ, ಹನುಮಮ್ಮ ಏನನ್ನೂ ಮುಟ್ಟಿರಲಿಲ್ಲ. ಅದೇ ತಪ್ಪಾಗಿತ್ತು.

“ಇಷ್ಟು ವರ್ಷದ ನನ್ನ ಮಾತು ಸಾಲದಾದ್ರ, ಕಟಗಿ ಲಾಳಿ ಏನ್ ಸಾಕ್ಷಿ ಹೇಳ್ತೈತಿ?” ಎಂದಳು.

“ಹಂಗಾದ್ರ ನಾಳಿಂದ ನಿನ್ನ ಹಾಸು ಹಾಸಾಕ ಯಾರೂ ಬರಂಗಿಲ್ಲ,” ಎಂದಳು ಪೆಂಟಮ್ಮ.

ಬೀದಿಯುದ್ದ ನೂಲಿನ ಹಾಸು ಎಳೆದು ಕಟ್ಟಲು ನೆರೆಯವರ ಕೈ ಬೇಕು. ಕೈ ಬರದಿದ್ದರೆ ಮಗ್ಗ ನಿಂತಂತೆ. ಹನುಮಮ್ಮನಿಗೆ ಭಯವಾಯಿತು. ಭಯಕ್ಕಿಂತ ಅವಮಾನ ಹೆಚ್ಚಾಯಿತು. ಇಷ್ಟು ಕೂಗಾಡುವ ಪೆಂಟಮ್ಮನೇ ಆ ಓಟು ಹಾಕಿರಬೇಕು ಎಂದು ಆಗ ಅವಳಿಗೆ ಖಾತ್ರಿಯಾಯಿತು. ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿ ಹೊರಡಲು ಎದ್ದಳು.

ನವನೀತಾ ಅವಳ ರಟ್ಟೆ ಹಿಡಿದು ಕೂರಿಸಿದಳು.

“ಆಕಿ ಮಗ್ಗ ನಿಲ್ಲಸಬ್ಯಾಡ್ರಿ. ಚೀಟಿ ಕೈಗೆ ಬಂದಾಗ, ಸೇಟುಗಳ ಮುಂದ ಗಂಡಸು ಕುಂತ್ರನ ಚಲೋ ಅಂತ ಅನಿಸಿಬಿಡ್ತು. ಬಾಲರಾಜಗ ಓಟು ಹಾಕಿದಾಕಿ ನಾನು.”