ಕ್ಯಾಚರ್ ಮೌನೇಶನ ತಾಯಿ ಮೈದಾನಕ್ಕೆ ಬಂದ ದಿನ

ಸ್ನೇಹಿತರೊಬ್ಬರು ಹೇಳಿದ ಸಂಗತಿ ಇದು... ಕೇಳಿದಾಗಿನಿಂದ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಸ್ವಲ್ಪ ಬಿಡುವು ಮಾಡಿಕೊಂಡು ಓದಿ.

ಹುನಗುಂದದ ಕಡೆ ಒಂದು ಸಣ್ಣ ಡಿಗ್ರಿ ಕಾಲೇಜು. ಅಲ್ಲೊಂದು ಬೇಸ್‌ಬಾಲ್ ಟೀಮ್ ಇತ್ತು ಎಂದರೆ ಊರಿನವರೇ ನಂಬುತ್ತಿರಲಿಲ್ಲ... ಎಲ್ಲರಿಗೂ ಕ್ರಿಕೆಟ್ ಹುಚ್ಚು.

ಆದರೂ ಪಿ.ಇ. ಸರ್ ಬಾರಕೇರ ಅವರು ಹಟ ಹಿಡಿದು ಟೀಮ್ ಕಟ್ಟಿದ್ದರು. ಆಡಲು ಒಂಬತ್ತು ಜನ ಬೇಕು. ಹುಡುಕಿ ಹುಡುಕಿ ಹತ್ತು ಹುಡುಗರು ಸಿಕ್ಕಿದ್ದರು.

ಚೆಂಡು ಎಸೆಯುವ ಪಿಚರ್ ದ್ಯಾಮಣ್ಣ. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಆ ಚೆಂಡನ್ನು ಹಿಡಿಯುವ ಕ್ಯಾಚರ್ ಮೌನೇಶ. ಇಬ್ಬರೂ ಒಂದೇ ಓಣಿಯವರು... ಒಂದೇ ಬೈಕಿನಲ್ಲಿ ಬಂದು ಹೋಗುತ್ತಿದ್ದರು.

ಮೌನೇಶನಿಗೆ ತಂದೆ ಇರಲಿಲ್ಲ. ತಾಯಿ ಕಾಳಮ್ಮ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಇದ್ದೊಬ್ಬ ಮಗನನ್ನು ಓದಿಸುತ್ತಿದ್ದರು.

ಒಂದು ಸಂಜೆ ಪ್ರಾಕ್ಟೀಸ್ ಮುಗಿಸಿ ಮನೆಗೆ ಹೊರಟಿದ್ದ ಬೈಕು ಮರಳಿನ ಟಿಪ್ಪರ್‌ಗೆ ಬಡಿಯಿತು... ಓಡಿಸುತ್ತಿದ್ದ ದ್ಯಾಮಣ್ಣನ ಭುಜಕ್ಕೆ ಪೆಟ್ಟಾಯಿತು.

ಹಿಂದೆ ಕೂತಿದ್ದ ಮೌನೇಶ ಆಸ್ಪತ್ರೆ ಮುಟ್ಟಲಿಲ್ಲ.

"ಅಷ್ಟು ಜೋರ ಯಾಕ ಹೊಡದಿ?" ಎಂದು ಓಣಿಯೆಲ್ಲ ಕೇಳಿತು. ಪೊಲೀಸರೂ ಕೇಳಿದರು. "ನಂದ ತಪ್ಪು" ಎಂದಷ್ಟೇ ಹೇಳಿದ ದ್ಯಾಮಣ್ಣ...

ಭುಜ ವಾಸಿಯಾಯಿತು. ಆದರೆ ಚೆಂಡು ಹಿಡಿದು ನಿಂತರೆ ಕೈ ಏಳುತ್ತಿರಲಿಲ್ಲ. ಎದುರಿಗೆ ಮೌನೇಶನ ಜಾಗದಲ್ಲಿ ಬೇರೆ ಯಾರೋ ಕೂತಿರುವುದನ್ನು ನೋಡಿ, ಚೆಂಡನ್ನು ನೆಲಕ್ಕಿಟ್ಟು ಹೋಗಿಬಿಡುತ್ತಿದ್ದ.

ಯೂನಿವರ್ಸಿಟಿ ಟೂರ್ನಮೆಂಟ್ ಹತ್ತಿರ ಬಂತು. ಅವನೂ ಇಲ್ಲದಿದ್ದರೆ ಉಳಿಯುವುದು ಎಂಟೇ ಜನ. ಟೀಮ್ ಮುಚ್ಚುವುದೆಂದು ಹೇಳಲು ಬಾರಕೇರ ಸರ್ ಹುಡುಗರನ್ನೆಲ್ಲ ಮೈದಾನಕ್ಕೆ ಕರೆಸಿದರು.

ಆಗಲೇ ಗೇಟಿನಿಂದ ಕಾಳಮ್ಮ ಬಂದರು... ತಲೆಯ ಮೇಲೆ ಸೆರಗು, ಕೈಯಲ್ಲೊಂದು ಚೀಲ.

ಹುಡುಗರು ಗಾಬರಿಯಾಗಿ ಎದ್ದು ನಿಂತರು. ಶಾಪ ಹಾಕಲಿಕ್ಕೇ ಬಂದಿದ್ದಾರೆ ಎಂದುಕೊಂಡರು.

"ದ್ಯಾಮಣ್ಣಾ, ನಮ್ಮನಿ ಮುಂದ ಹಾಯೂದ ಬಿಟ್ಟಿ. ಚೆಂಡ ಒಗಿಯೂದೂ ಬಿಟ್ಟೀಯಂತ. ಯಾಕೋ ಯಪ್ಪಾ?"

ಕಾಳಮ್ಮ ಅವನ ಹತ್ತಿರ ಬಂದು ನಿಂತರು.

"ಯಾರ ಮುಂದೂ ಹೇಳಿಲ್ಲ, ನಿನ್ನ ಮುಂದ ಹೇಳ್ತೀನಿ. ಅವತ್ತ ನಾನ ಅವಂಗ ಫೋನ್ ಮಾಡಿದ್ದೆ. ಹಿಟ್ಟ ತೀರೇತಿ, ಗಿರಣಿ ಮುಚ್ಚೂದ್ರಾಗ ಲಗೂನ ಬಾ ಅಂತ ಬೈದಿದ್ದೆ. ಅದಕ್ಕ ನೀವು ಜೋರ ಬಂದ್ರಿ... ನನ್ನ ಮಗನ್ನ ನಾನ ಕಳಕೊಂಡೆ. ನೀ ಅಲ್ಲ."

ದ್ಯಾಮಣ್ಣ ಮೆಲ್ಲಗೆ ಹೇಳಿದ, "ಗೊತ್ತೈತಿ ದೊಡ್ಡವ್ವ."

"ಗೊತ್ತಿತ್ತಾ?"

"ಫೋನ್ ಸ್ಪೀಕರ್‌ನ್ಯಾಗ ಇತ್ತು. 'ಜೋರ ಹೊಡಿ, ಅವ್ವ ಕಾಯಾಕತ್ತಾಳ' ಅಂದ ಮೌನ್ಯಾ."

"ಮತ್ತ ಊರೆಲ್ಲ ಬೈಯುವಾಗ ಯಾಕ ಹೇಳಲಿಲ್ಲೋ?"

"ಮಗನ್ನ ಕಳಕೊಂಡಾಕಿ ತಲಿ ಮ್ಯಾಲ ಅದನ್ನೂ ಹೆಂಗ ಹೊರಸ್ಲಿ..."

ಕಾಳಮ್ಮ ಅವನನ್ನು ಎಳೆದು ಅಪ್ಪಿಕೊಂಡರು. ಆ ದಿನದವರೆಗೆ ಕಣ್ಣೀರು ಹಾಕದಿದ್ದ ಹುಡುಗ ಅವರ ಹೆಗಲ ಮೇಲೆ ಬಿಕ್ಕಿಬಿಕ್ಕಿ ಅತ್ತ... ಬಾರಕೇರ ಸರ್ ಆ ಕಡೆ ಮುಖ ತಿರುಗಿಸಿ ನಿಂತರು.

ಅವನ ಅಳು ನಿಂತ ಮೇಲೆ ಕಾಳಮ್ಮ ಚೀಲದಿಂದ ಮಗನ ಗ್ಲೌಸ್ ತೆಗೆದರು.

"ಯಾರರ ಹಾಕ್ಕೋರಿ. ನೀ ಚೆಂಡ ಒಗಿ, ನಾ ನೋಡ್ತೀನಿ. ಅಂವ ಇದ್ದಾಗ ಒಂದಿನಾನೂ ಬಂದು ನೋಡಲಿಲ್ಲ ನಾ..."

ಸರ್ ತಾವೇ ಗ್ಲೌಸ್ ಹಾಕಿಕೊಂಡು ಕೂತರು. ಮೊದಮೊದಲು ಚೆಂಡು ಎಲ್ಲೆಲ್ಲೋ ಬಿತ್ತು... ಆಮೇಲೆ ಒಂದು ನೇರ ಬಂದು ಗ್ಲೌಸಿನಲ್ಲಿ ನಿಂತಿತು.

ಟೂರ್ನಮೆಂಟಿಗೆ ಹುಡುಗರ ಜೊತೆ ಕಾಳಮ್ಮನೂ ಹೋದರು. ಮೊದಲ ಮ್ಯಾಚಿನಲ್ಲೇ ಟೀಮ್ ಸೋತಿತು. ಮುಂದಿನ ವರ್ಷ ಹುಡುಗರು ಸಿಗದೆ ಬೇಸ್‌ಬಾಲ್ ಕೂಡ ನಿಂತುಹೋಯಿತು.

ಆದರೆ ಆ ಮ್ಯಾಚ್ ಮುಗಿದಾಗ ಆ ತಾಯಿ ಆಡಿದ ಮಾತನ್ನು ಬಾರಕೇರ ಸರ್ ಇನ್ನೂ ಮರೆತಿಲ್ಲ.

"ಗೆದ್ವೇನ್ರಿ ಸರ್?"

"ಇಲ್ರಿ ತಾಯಿ, ಸೋತ್ವಿ."

ಕಾಳಮ್ಮ ಹುಡುಗರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ದ್ಯಾಮಣ್ಣನ ತಲೆ ಸವರಿದರು.

"ಸೋತ್ರ ಸೋತ್ರಿ ಬಿಡ್ರಿ... ಸಾವಕಾಶ ಹೋಗ್ರಿ. ಎಲ್ಲಾರೂ ಮನಿ ಮುಟ್ರಿ, ಅಷ್ಟ ಸಾಕು."

ತಪ್ಪು ಯಾರದೆಂದು ಹುಡುಕಿದರೆ ಹೋದವರು ಬರುವುದಿಲ್ಲ... ನೋವನ್ನು ಹಂಚಿಕೊಂಡರೆ ಇದ್ದವರಾದರೂ ಉಳಿಯುತ್ತಾರೆ.

ನಿಮ್ಮ ಮನೆ ಮುಂದೆ ಹಾಯುವುದನ್ನೇ ಬಿಟ್ಟವರು ಯಾರಾದರೂ ಇದ್ದಾರೆಯೇ... ಅವರನ್ನು ನೀವಾಗಿಯೇ ಹೋಗಿ ಮಾತನಾಡಿಸಿದ್ದೀರಾ?