ಕೆಂಪು ದಾರದ ಬಾಟಲಿ

ಎರಡು ಬಾಟಲಿಗಳನ್ನು ಸೆರಗಿನಡಿ ಅವುಚಿಕೊಂಡು ದಾಕ್ಷಾಯಣಮ್ಮ ಹಿರಿಯೂರಿನ ಪೇಟೆ ಬೀದಿಯಲ್ಲಿ ಕಳ್ಳಿಯ ಹಾಗೆ ಹೋಗುತ್ತಿದ್ದಳು. ಎದುರಾದ ಗಂಗಕ್ಕ, ಜೇನುತುಪ್ಪವಾದರೆ ತನಗೂ ಒಂದಿಷ್ಟು ಇರಲಿ ಎಂದಳು. ದಾಕ್ಷಾಯಣಮ್ಮ ಕೇಳಿಸದವಳಂತೆ ಹೆಜ್ಜೆ ಬಿರುಸು ಮಾಡಿದಳು. ಬಿರುಸು ಎಂದರೂ ಎಷ್ಟು? ಸಂಕ್ರಾಂತಿಯ ಹೊತ್ತಿಗೆ ಹೊಸ್ತಿಲು ತಾಗಿ ಒಡೆದ ಕಾಲ್ಬೆರಳು ಶಿವರಾತ್ರಿ ಕಳೆದರೂ ಮಾಯ್ದಿರಲಿಲ್ಲ.

ಬಾಟಲಿಗಳಲ್ಲಿದ್ದುದು ಜೇನಲ್ಲ, ಗಂಡ ಹೆಂಡಿರ ಮೂತ್ರ. ಕೆಂಪು ದಾರ ಗಂಡನದಕ್ಕೆ, ಬಿಳಿ ದಾರ ಹೆಂಡತಿಯದಕ್ಕೆ ಎಂದು ಅವಳ ಗಂಡ ಮುರುಗಪ್ಪ ಗುರುತು ಮಾಡಿದ್ದ. ಬೆಳಿಗ್ಗೆ ಎದ್ದು ಬಿರಡೆ ಬಿಗಿದು ದಾರ ಕಟ್ಟುವ ಕೆಲಸವನ್ನೂ ತಾನೇ ವಹಿಸಿಕೊಂಡಿದ್ದ. ಆ ಗಲೀಜು ನಿನಗೇಕೆ ಎನ್ನುತ್ತಿದ್ದ. ಕುಡಿದ ಲೋಟವನ್ನು ಎತ್ತಿಟ್ಟು ಗೊತ್ತಿಲ್ಲದ ಮನುಷ್ಯ! ಕಾಯಿಲೆ ಬಂದರೆ ಗಂಡಸರಿಗೂ ಬುದ್ಧಿ ಬರುತ್ತದೆ ಎಂದುಕೊಂಡಳು ದಾಕ್ಷಾಯಣಮ್ಮ.

ಕಾಯಿಲೆಯ ಸುದ್ದಿ ತಿಳಿದದ್ದು ಹೋದ ವಾರ. ಶೇಂಗಾ ವ್ಯಾಪಾರಿ ಮುರುಗಪ್ಪ ಹೆಂಡತಿಯ ಕಾಲ್ಬೆರಳಿಗೆ ಮುಲಾಮು ತರಲು ಏಕಾಂತಪ್ಪನ ಔಷಧಿ ಅಂಗಡಿಗೆ ಹೋಗಿದ್ದ. ಏಕಾಂತಪ್ಪ ಬರೀ ಔಷಧಿ ಕೊಟ್ಟು ಕಳಿಸುವವನಲ್ಲ. ಎಲ್ಲಿ, ಯಾವಾಗಿಂದ, ಊಟ ಏನು, ಬಾಯಾರಿಕೆ ಎಷ್ಟು ಎಂದು ಪೊಲೀಸರ ಹಾಗೆ ಕೇಳುವವನು. ಮುರುಗಪ್ಪ ಮನೆಗೆ ಬಂದು, ನನ್ನ ಮೂತ್ರ ಪರೀಕ್ಷೆ ಮಾಡಬೇಕಂತೆ, ಹೋಲಿಸಿ ನೋಡಲು ಆರೋಗ್ಯವಂತರದೂ ಒಂದು ಬೇಕಂತೆ, ನಿನ್ನದನ್ನೂ ಕೊಡು ಎಂದ. ಅವಳು ಮುಖ ಸಿಂಡರಿಸಿಕೊಂಡೇ ಕೊಟ್ಟಳು. ಸಂಜೆ ಅವನು ಜೋಲುಮುಖ ಹಾಕಿಕೊಂಡು ಬಂದ.

"ನಂಗೆ ಸಕ್ಕರೆ ಕಾಯಿಲೆ ಐತಂತೆ" ಎಂದ.

ಅವಳ ಎದೆ ಒಡೆದುಹೋಯಿತು. ರಾಮಗಿರಿಯಲ್ಲಿದ್ದ ಅವಳ ಒಡಹುಟ್ಟಿದ ಅಕ್ಕ ಇದೇ ಕಾಯಿಲೆಯಲ್ಲಿ ಮೊದಲು ಕಾಲು, ಆಮೇಲೆ ಪ್ರಾಣ ಕಳೆದುಕೊಂಡಿದ್ದಳು. ಅಂದಿನಿಂದ ಆ ಕಾಯಿಲೆಯ ಹೆಸರೆತ್ತಿದರೆ ದಾಕ್ಷಾಯಣಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ತನಗೆ ಜ್ವರ ಸುಡುತ್ತಿದ್ದರೂ ಆಸ್ಪತ್ರೆಯ ಮೆಟ್ಟಿಲು ತುಳಿಯುತ್ತಿರಲಿಲ್ಲ. ಈಗ ಗಂಡನ ಜೀವದ ಮಾತು. ಇನ್ನು ಮೇಲೆ ಬಾಟಲಿ ಒಯ್ಯುವವಳು ತಾನೇ, ಬಣ್ಣ ನೋಡುವವಳೂ ತಾನೇ ಎಂದು ಸೆರಗು ಸಿಕ್ಕಿಸಿ ನಿಂತಳು.

ಅಂಗಡಿಗೆ ಬಂದವಳೇ ಒಂದು ಚೊಂಬು ನೀರು ಕೇಳಿ ಗಟಗಟ ಕುಡಿದಳು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೇ ಇಸವಿಯ ಬಿಸಿಲು ಹಾಗಿತ್ತು. ಏಕಾಂತಪ್ಪ ಎರಡು ಗಾಜಿನ ಕೊಳವೆಗಳಿಗೆ ನೀಲಿ ಔಷಧಿ ಸುರಿದ. ಎರಡೂ ಬಾಟಲಿಗಳಿಂದ ಒಂದಷ್ಟು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದ. ಬಿಳಿ ದಾರದ್ದು ನೀಲಿಯಾಗಿಯೇ ಉಳಿಯಿತು. ಕೆಂಪು ದಾರದ್ದು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನೀಲಿ ಇದ್ದರೆ ಸಕ್ಕರೆ ಇಲ್ಲ, ಇಟ್ಟಿಗೆ ಬಣ್ಣವೆಂದರೆ ವಿಪರೀತ ಎಂದು ಅವನು ವಿವರಿಸಿದ. ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕೇಳಿಯಾಗಿದೆ, ಮುಂಗಾರಿನವರೆಗೆ ಪಥ್ಯ ಮತ್ತು ನಡಿಗೆ, ಬಣ್ಣ ಇಳಿಯದಿದ್ದರೆ ಮಾತ್ರೆ ಎಂದ. ಅವಳ ಕಾಲ್ಬೆರಳನ್ನೂ ತೊಳೆದು ಪಟ್ಟಿ ಕಟ್ಟಿ, ಬರಿಗಾಲಲ್ಲಿ ತಿರುಗಬೇಡಿ ಎಂದು ಗದರಿಸಿ ಕಳಿಸಿದ.

ಅಂದಿನಿಂದ ಮುರುಗಪ್ಪನ ಮನೆಯಲ್ಲಿ ಬೆಲ್ಲದ ಡಬ್ಬಿ ಅಟ್ಟ ಸೇರಿತು. ಮುದ್ದೆ ಅರ್ಧವಾಯಿತು, ಸೊಪ್ಪು ದುಪ್ಪಟ್ಟಾಯಿತು. ಗಂಡ ಬಾಯಿ ಕಟ್ಟಿಕೊಂಡು ಕೂತಿರುವಾಗ ತಾನು ಬೆಲ್ಲದ ಕಾಫಿ ಹೀರುವ ಜಾಯಮಾನ ದಾಕ್ಷಾಯಣಮ್ಮನದಲ್ಲ. ಅವನ ತಟ್ಟೆಯಲ್ಲಿ ಇದ್ದಷ್ಟೇ ಅವಳ ತಟ್ಟೆಯಲ್ಲೂ. ಸಂಜೆ ಬಬ್ಬೂರಿನ ದಾರಿಯಲ್ಲಿ ನಡಿಗೆ. ಒಬ್ಬನನ್ನೇ ಬಿಟ್ಟರೆ ಮಿಠಾಯಿ ಅಂಗಡಿ ಹೊಕ್ಕಾನೆಂದು ಅವಳೂ ಚಪ್ಪಲಿ ಮೆಟ್ಟಿ ಬೆನ್ನು ಹತ್ತುತ್ತಿದ್ದಳು. ಮೊದಮೊದಲು ಕುಂಟುತ್ತಿದ್ದವಳು ಬರಬರುತ್ತಾ ಗಂಡನನ್ನೇ ಹಿಂದೆ ಹಾಕಿದಳು.

ಆದರೂ ಒಂದು ದಿನ ಅವನ ಜುಬ್ಬದ ಜೇಬಿನಲ್ಲಿ ಮೈಸೂರು ಪಾಕಿನ ಚೂರು ಸಿಕ್ಕಿತು. ದಾಕ್ಷಾಯಣಮ್ಮ ಕೆಂಡವಾದಳು. ಆ ಚೂರನ್ನು ಕಾಗದದಲ್ಲಿ ಸುತ್ತಿ, ಬಾಟಲಿಗಳ ಜೊತೆ ಏಕಾಂತಪ್ಪನ ಮುಂದೆ ಇಟ್ಟು ದೂರು ಕೊಟ್ಟಳು. ಅವನು ನಗು ತಡೆದುಕೊಂಡು ಕೊಳವೆ ಕಾಯಿಸಿದ. ಕೆಂಪು ದಾರದ್ದು ಹಸಿರಿನಲ್ಲೇ ನಿಂತಿತು. ಹಿಂದಿನ ವಾರ ಹಳದಿ ಇತ್ತು. ಕದ್ದು ತಿಂದರೂ ಕಾಯಿಲೆ ಇಳಿಯುವ ಬಗೆ ಅವಳಿಗೆ ಅರ್ಥವಾಗಲಿಲ್ಲ.

"ನೀವೇನಾದ್ರೂ ತಿಂದ್ರಾ ಅಕ್ಕ?" ಏಕಾಂತಪ್ಪ ಕೇಳಿದ.

"ಅವರಿಗಿಲ್ದಿದ್ದು ನನ್ನ ಗಂಟಲಲ್ಲಿ ಇಳಿದೀತೇನ್ರಿ?"

"ಹಂಗಾದ್ರೆ ಹೆದರಿಕೆ ಇಲ್ಲ ಬಿಡ್ರಿ" ಎಂದ ಅವನು, ನಿಜಕ್ಕೂ ನೆಮ್ಮದಿಯಾದವನಂತೆ. ಕಳ್ಳನಿಗೆ ಒಂದು ಮಾತೂ ಅನ್ನದ ಅವನ ಮೇಲೆ ಅವಳಿಗೆ ಕೋಪವೇ ಬಂತು.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ಇಬ್ಬರೂ ಜೊತೆಗೇ ಅಂಗಡಿಗೆ ಬಂದರು. ಎರಡು ಕೊಳವೆಗಳೂ ಕಾದವು, ಕುದಿದವು. ಎರಡೂ ನೀಲಿ. ಏಕಾಂತಪ್ಪ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನೀಲಿಯೇ.

ದಾಕ್ಷಾಯಣಮ್ಮನಿಗೆ ಸಂತೋಷದಲ್ಲಿ ಅಳು ಬಂತು. ಅಕ್ಕನನ್ನು ಉಳಿಸಿಕೊಳ್ಳಲಾಗಲಿಲ್ಲ, ಗಂಡನನ್ನು ಉಳಿಸಿಕೊಂಡೆನಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಾಯಿಲೆ ತೊಲಗಿತು, ಇನ್ನು ನಡಿಗೆಯೂ ಬೇಡ ಪಥ್ಯವೂ ಬೇಡ, ನಾಳೆ ಹೋಳಿಗೆ ಮಾಡಿ ಅಂಗಡಿಗೂ ಕಳಿಸುತ್ತೇನೆ, ಇವತ್ತೇ ಇಬ್ಬರೂ ಬೆಲ್ಲದ ಕಾಫಿ ಕುಡಿಯುತ್ತೇವೆ ಎಂದು ಸಂಭ್ರಮಪಟ್ಟಳು.

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಏಕಾಂತಪ್ಪ ದೀಪ ಆರಿಸಿದ.

"ಕುಂತ್ಕಳ್ರಿ ಅಕ್ಕ. ಈ ಕಾಯಿಲೆ ತೊಲಗೋದಲ್ಲ, ಹದ್ದುಬಸ್ತಲ್ಲಿ ಇಟ್ಕಳ್ಳೋದು. ಬೆಲ್ಲದ ಕಾಫಿ ಯಜಮಾನ್ರು ಕುಡೀಬೌದು, ನೀವು ಬ್ಯಾಡ."

ಅವಳು ಗಂಡನತ್ತ ತಿರುಗಿದಳು. ಮುರುಗಪ್ಪ ಹೆಂಡತಿಯ ಕಾಲ್ಬೆರಳನ್ನೇ ನೋಡುತ್ತಿದ್ದ. ಗಾಯವಿದ್ದ ಜಾಗ ಈಗ ನುಣ್ಣಗಾಗಿತ್ತು.

"ದಾರ ನಾನೇ ಅದ್ಲುಬದ್ಲು ಕಟ್ತಿದ್ದೆ ಕಣೆ" ಎಂದ ಅವನು. "ಸಕ್ಕರೆ ಇರೋದು ನಂಗಲ್ಲ, ನಿಂಗೆ. ನಿಂಗೋಸ್ಕರ ಅಂದಿದ್ರೆ ನೀನು ಇಷ್ಟೆಲ್ಲಾ ಮಾಡ್ತಿದ್ಯಾ?"